ಆರು ತಿಂಗಳಾದ ಮೇಲೂ ನೀವು ದಿನಾ ಬಳಸುವ ಗ್ಯಾಜೆಟ್, ಸಾಫ್ಟ್‌ವೇರ್ ಯಾವುದು? (ಮೊನ್ನೆ ಕೊಂಡದ್ದು ಬೇಡ)

ದಾವಣಗೆರೆ_ಡೇಟಾ | ಶುಕ್ರವಾರ ರಾತ್ರಿ 9:10
ನನ್ನ ಮೇಜಿನ ಡ್ರಾಯರ್‌ನಲ್ಲಿ ಎರಡು ಸ್ಮಾರ್ಟ್‌ವಾಚ್, ಒಂದು ವಿಆರ್ ಕನ್ನಡಕ, ಮೂರು ಬ್ಲೂಟೂತ್ ಸ್ಪೀಕರ್ ಮಲಗಿವೆ. ಕೊಂಡ ವಾರ ಒಂದೊಂದೂ ಕಣ್ಣಿಗೊತ್ತಿಕೊಳ್ಳುವ ಹಾಗಿದ್ದವು. ಈಗ ಚಾರ್ಜ್ ಮಾಡುವವರೂ ಇಲ್ಲ. ಹೆಂಡತಿ ಆ ಡ್ರಾಯರ್‌ಗೆ "ವೃದ್ಧಾಶ್ರಮ" ಅಂತ ಹೆಸರಿಟ್ಟಿದ್ದಾಳೆ.

ಅದಕ್ಕೇ ಈ ಪ್ರಶ್ನೆ. ಕನಿಷ್ಠ ಆರು ತಿಂಗಳು ಬಳಸಿದ ಮೇಲೂ ಬೇಜಾರಾಗದ ಸಾಮಾನು ಯಾವುದು? ನನ್ನವು ನಾಲ್ಕು.

ಒಂದು, ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್. 12 ವೋಲ್ಟ್‌ನದ್ದು, ಒಳಗೆ ಲಿಥಿಯಂ ಸೆಲ್. ಕರೆಂಟ್ ಹೋದರೂ ವೈಫೈ ಇರುತ್ತದೆ. ಇಡೀ ಮನೆಯಲ್ಲಿ ನಾನು ತಂದದ್ದರಲ್ಲಿ ಅತ್ತೆ ಹೊಗಳಿದ ಒಂದೇ ವಸ್ತು ಇದು, ಅವರ ಧಾರಾವಾಹಿ ನಿಲ್ಲುವುದಿಲ್ಲ.

ಎರಡು, 65 ವ್ಯಾಟ್‌ನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್) ಚಾರ್ಜರ್. ಲ್ಯಾಪ್‌ಟಾಪ್‌ಗೂ ಫೋನ್‌ಗೂ ಅದೇ.

ಮೂರು, ಸಿಂಕ್‌ಥಿಂಗ್. ಫೋನಲ್ಲಿ ತೆಗೆದ ಫೋಟೋ ಯಾರ ಸರ್ವರ್‌ಗೂ ಹೋಗದೆ ನೇರ ನನ್ನ ಲ್ಯಾಪ್‌ಟಾಪ್‌ಗೆ ಬಂದು ಕೂರುತ್ತದೆ.

ನಾಲ್ಕು, ಅಲರ್ ನಿಘಂಟು. ಕನ್ನಡ ಪದ ಹುಡುಕಿದರೆ ಇಂಗ್ಲಿಷ್ ಅರ್ಥ. ಜಾಹೀರಾತಿಲ್ಲ, ಲಾಗಿನ್ ಇಲ್ಲ.

ನಿಮ್ಮದು ಹೇಳಿ.

ಸುಮ್ನೆ_ಓದುವವ | 9:14
ವೃದ್ಧಾಶ್ರಮದಲ್ಲಿ ಒಂದು ಸ್ಪೀಕರ್ ದತ್ತು ಕೊಡ್ತೀರಾ?

ಇನ್ವರ್ಟರ್_ಮಾವ | 9:21
ರೂಟರ್‌ಗೆ ಬೇರೆ ಯುಪಿಎಸ್ ಯಾಕೆ? ಮನೆಗೆ ಇನ್ವರ್ಟರ್ ಇದ್ದರೆ ಸಾಕಲ್ಲ. ಸುಮ್ನೆ ದುಡ್ಡು ದಂಡ.

ದಾವಣಗೆರೆ_ಡೇಟಾ | 9:24
ಇನ್ವರ್ಟರ್ ನಮ್ಮನೆಯಲ್ಲೂ ಇದೆ ಮಾವ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಳ್ಳುವಷ್ಟರಲ್ಲಿ ರೂಟರ್ ಒಮ್ಮೆ ಆರಿ ಮತ್ತೆ ಎದ್ದೇಳುತ್ತದೆ. ಮೂರು ನಿಮಿಷ ಹೋಯ್ತು. ಮೀಟಿಂಗ್‌ನಲ್ಲಿ ಆ ಮೂರು ನಿಮಿಷ ಸಣ್ಣದಲ್ಲ.

ಇನ್ವರ್ಟರ್_ಮಾವ | 9:26
ನಮ್ಮನೆಯಲ್ಲಿ ಹಾಗೆ ಯಾವತ್ತೂ ಆಗಿಲ್ಲ.

ಟರ್ಮಿನಲ್_ತಮ್ಮ | 9:33
ಎರಡು ತಿದ್ದುಪಡಿ.

ಚಾರ್ಜರ್ 65 ವ್ಯಾಟ್ ಅಂದ ಮಾತ್ರಕ್ಕೆ 65 ಬರುವುದಿಲ್ಲ. ಕೇಬಲ್ ಕೂಡ ಅದಕ್ಕೆ ತಕ್ಕದ್ದಿರಬೇಕು. ಸಾಧಾರಣ ಯುಎಸ್‌ಬಿ-ಸಿ ಕೇಬಲ್ 3 ಆಂಪಿಯರ್‌ಗೆ ನಿಲ್ಲುತ್ತದೆ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಒಳಗೆ ಇ-ಮಾರ್ಕರ್ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪ್ "ನಿಧಾನವಾಗಿ ಚಾರ್ಜ್ ಆಗುತ್ತಿದೆ" ಅಂತ ಗೊಣಗುತ್ತಿರುತ್ತದೆ.

ಎರಡನೆಯದು, ಆಂಡ್ರಾಯ್ಡ್‌ನ ಅಧಿಕೃತ ಸಿಂಕ್‌ಥಿಂಗ್ ಆ್ಯಪ್ 2024ರ ಡಿಸೆಂಬರ್‌ನಲ್ಲೇ ನಿಂತುಹೋಯಿತು. ಈಗಲೂ ಅದೇ ಹಳೆಯದು ಹಾಕಿಕೊಂಡಿದ್ದರೆ ತೆಗೆದು ಅದರಿಂದಲೇ ಕವಲೊಡೆದ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಿ.

ನನ್ನ ಮೆಚ್ಚಿನದು: 2014ರ ಲ್ಯಾಪ್‌ಟಾಪ್, ಅದಕ್ಕೊಂದು ಎಸ್‌ಎಸ್‌ಡಿ (ವೇಗದ ಡಿಸ್ಕ್), ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಕಾರ್ಯಾಚರಣೆ ವ್ಯವಸ್ಥೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಆ ವಾರ ನಮ್ಮ ಏರಿಯಾದಲ್ಲಿ ಮೂರು ಲ್ಯಾಪ್‌ಟಾಪ್ ಗುಜರಿಗೆ ಹೊರಟಿದ್ದವು. ಮೂರೂ ಈಗ ಓಡುತ್ತಿವೆ.

ಬಾಗಲಕೋಟೆ_ಬಿಟ್ಸ್ | 9:40
ತಮ್ಮಾ, ಅಪ್ಪನ ಅಂಗಡಿಯ ಲ್ಯಾಪ್‌ಟಾಪ್‌ಗೂ ನಿನ್ನಂಥವನೊಬ್ಬ ಲಿನಕ್ಸ್ ಹಾಕಿಕೊಟ್ಟು ಹೋದ. ಬಹಳ ಚಂದ ಓಡಿತು. ಮರುದಿನ ಅಪ್ಪ ಲೆಕ್ಕ ಬರೆಯುವ ಟ್ಯಾಲಿ ಎಲ್ಲಿ ಅಂತ ಕೇಳಿದರು, ಅದು ಲಿನಕ್ಸ್‌ನಲ್ಲಿ ನೇರ ಓಡುವುದಿಲ್ಲ. ಸಂಜೆ ಮತ್ತೆ ವಿಂಡೋಸ್.

ಟರ್ಮಿನಲ್_ತಮ್ಮ | 9:42
ಟ್ಯಾಲಿ ಇರುವ ಮನೆಗೆ ನಾನು ಲಿನಕ್ಸ್ ಹೇಳುವುದೇ ಇಲ್ಲ ಅಣ್ಣ. ಮೊದಲು ಅದನ್ನೇ ಕೇಳುತ್ತೇನೆ.

ಮೈಸೂರು_ಮೌಸ್ | 9:51
ಸಿಂಕ್‌ಥಿಂಗ್ ಬಗ್ಗೆ ಒಂದು ಎಚ್ಚರಿಕೆ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ನಾನು ಇದನ್ನು ಕಲಿತದ್ದು ತಂಗಿಯ ಮದುವೆ ಫೋಟೋ ಕಳೆದು.

ಫೋನಲ್ಲಿ ಜಾಗ ತುಂಬಿತ್ತು. ಲ್ಯಾಪ್‌ಟಾಪ್‌ನಲ್ಲಿ ಹೇಗೂ ಇದೆಯಲ್ಲ ಅಂತ ಫೋನಿನಿಂದ ಅಳಿಸಿದೆ. ಅದು ಪಾಪ ವಿಧೇಯವಾಗಿ ಲ್ಯಾಪ್‌ಟಾಪ್‌ನಿಂದಲೂ ಅಳಿಸಿತು. ಹೇಳಿದ್ದನ್ನೇ ಮಾಡಿತು, ತಪ್ಪು ನನ್ನದೇ. ಧಾರೆಯ ಫೋಟೋ ಒಂದೂ ಉಳಿಯಲಿಲ್ಲ. ಈಗ ನಮ್ಮ ಹತ್ತಿರ ಇರುವುದು ವಾಟ್ಸಾಪಲ್ಲಿ ನೆಂಟರು ಕಳಿಸಿದ ಮಸುಕು ಫೋಟೋಗಳು. ಅದರಲ್ಲಿ ಅರ್ಧ ಊಟದ ಪಂಕ್ತಿಯವು.

ಫೋಲ್ಡರ್ ಸೆಟ್ಟಿಂಗ್ಸ್‌ನಲ್ಲಿ ಫೈಲ್ ವರ್ಷನಿಂಗ್ ಅಂತ ಇದೆ. ಆನ್ ಮಾಡಿ. ಇನ್ನೊಂದು ಕಡೆ ಅಳಿಸಿದ್ದು ಇಲ್ಲಿ ಬೇರೆ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಜೊತೆಗೆ ಒಂದು ಹಾರ್ಡ್ ಡಿಸ್ಕ್, ತಿಂಗಳಿಗೊಮ್ಮೆ ಕೈಯಾರೆ ಕಾಪಿ. ನನ್ನ ಅಚ್ಚುಮೆಚ್ಚಿನ ಗ್ಯಾಜೆಟ್ ಈಗ ಆ ಹಾರ್ಡ್ ಡಿಸ್ಕ್.

ದಾವಣಗೆರೆ_ಡೇಟಾ | 9:55
ಅಯ್ಯೋ. ಈಗಲೇ ನೋಡಿದೆ, ನನ್ನದರಲ್ಲಿ ವರ್ಷನಿಂಗ್ ಆಫ್ ಇತ್ತು. ಆನ್ ಮಾಡಿದೆ. ಥ್ಯಾಂಕ್ಸ್ ಗುರು.

ಜೋಳದರೊಟ್ಟಿ_ಜರ್ಮನಿ | 10:08
ನನ್ನದು ಇ-ಇಂಕ್ ಓದುಗ, ಅಂದರೆ ಕಾಗದದಂತೆ ಕಾಣುವ ಪರದೆಯ ಇ-ಪುಸ್ತಕ ಸಾಧನ. ಮ್ಯೂನಿಕ್‌ನಲ್ಲಿ ಚಳಿಗಾಲ ಸಂಜೆ ನಾಲ್ಕೂವರೆಗೆ ಕತ್ತಲು. ಕನ್ನಡ ಪುಸ್ತಕ ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಆದರೆ ಕನ್ನಡ ಓದಲು ಸರ್ಕಸ್ ಮಾಡಬೇಕು. 2016ರ ಕೊನೆಯಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಬೇರೆ ದಾರಿ. ಕೋರೀಡರ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ. ಅದರ ಫಾಂಟ್ ಫೋಲ್ಡರ್‌ಗೆ ಒಂದು ಒಳ್ಳೆಯ ಕನ್ನಡ ಫಾಂಟ್ ಹಾಕಿ, ಇಪಬ್ ಪುಸ್ತಕ ತೆರೆದರೆ ಒತ್ತಕ್ಷರ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಲೈಬ್ರರಿ ಜೋಡಿಸಲು ಕ್ಯಾಲಿಬರ್. ಅದನ್ನು ಕೋವಿದ್ ಗೋಯಲ್ ಅನ್ನುವವರು 2006ರಲ್ಲಿ ಶುರು ಮಾಡಿದರು, ಇವತ್ತಿಗೂ ಅಪ್‌ಡೇಟ್ ಬರುತ್ತಲೇ ಇದೆ. ನೋಡಲು ಹಳೇ ಕಾಲದ ಸಾಫ್ಟ್‌ವೇರ್ ಥರ ಇದೆ, ನಿಜ. ಆದರೆ ಮಾಡದ ಕೆಲಸವಿಲ್ಲ.

ಸುಮ್ನೆ_ಓದುವವ | 10:11
ಕನ್ನಡ ಇ-ಪುಸ್ತಕಕ್ಕೆ ಮೈಲ್ಯಾಂಗ್ ಆ್ಯಪ್ ಇದೆಯಲ್ಲ?

ಜೋಳದರೊಟ್ಟಿ_ಜರ್ಮನಿ | 10:13
ಇದೆ, ಬಳಸುತ್ತೇನೆ. ಅಡುಗೆ ಮಾಡುವಾಗ ಅದರಲ್ಲೇ ಆಡಿಯೋ ಪುಸ್ತಕ ಕೇಳುವುದು. ಆದರೆ ಅದು ಫೋನ್ ಪರದೆ. ದಿನವಿಡೀ ಪರದೆ ನೋಡಿದ ಕಣ್ಣಿಗೆ ರಾತ್ರಿ ಮತ್ತೆ ಅದೇ ಬೇಡ.

ಮಲೆನಾಡ್_ಮಾನಿಟರ್ | 10:25
ಪುಸ್ತಕದ ಮಾತು ಬಂತಲ್ಲ ಮಾರಾಯ್ರೇ, ನನ್ನದೊಂದು ಕಷ್ಟ ಕೇಳಿ.

ಅಜ್ಜನ ಪೆಟ್ಟಿಗೆಯಲ್ಲಿ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕ ಹತ್ತಿಪ್ಪತ್ತು ಇವೆ. ಮೊಳೆ ಜೋಡಿಸಿ ಅಚ್ಚು ಮಾಡಿದ ಕಾಲದವು, ಹಾಳೆ ಮುಟ್ಟಿದರೆ ಪುಡಿ. ಮಳೆಗಾಲದಲ್ಲಿ ಗೆದ್ದಲು ಬೇರೆ. ಫೋನಲ್ಲಿ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ತೋರಿಸಿದೆ. ಪರವಾಗಿಲ್ಲ, ಮುಕ್ಕಾಲು ಪಾಲು ಓದುತ್ತದೆ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶದಲ್ಲೂ ನೋಡಿದೆ. ಆದರೆ "ವು" ಇರುವ ಕಡೆ "ಮ" ಮಾಡುತ್ತದೆ, "ಮ" ಇರುವ ಕಡೆ "ವು". "ದೇವುಕಿ" ಅಂತ ಬಂತು. ಭಾಗವತರು ಹಾಗೆ ಹಾಡಿದರೆ ಚೌಕಿಯಿಂದ ಚಪ್ಪಲಿ ಬರುತ್ತದೆ.

ಕಪ್ಪುಹಲಗೆ_ಟೀಚರ್ | 10:28
"ದೇವಕಿ" ಹೇಗೆ "ದೇವುಕಿ" ಆಯಿತು? ಅಲ್ಲಿ ಮ ಎಲ್ಲಿದೆ?

ಮಲೆನಾಡ್_ಮಾನಿಟರ್ | 10:31
ಟೀಚರ್ ಹಿಡಿದುಬಿಟ್ಟರು. ಅದು ಶಾಯಿ ಕಲೆಯ ಕೊಂಬು. ಮ-ವು ಗೊಂದಲದ್ದು "ರಾಮನು", ಅದು "ರಾವುನು" ಆಗಿತ್ತು. ಎರಡೂ ಕಡೆ ಪಾಪ ದೇವರಿಗೇ ಆಗಿದೆ.

ಹಳೇ_ಡಿಟಿಪಿ | 10:47
ಮ ಮತ್ತು ವು ಗೊಂದಲ ಯಂತ್ರಕ್ಕಷ್ಟೇ ಅಲ್ಲ, ಪ್ರೂಫ್ ನೋಡುವ ನಮಗೂ ಇತ್ತು. ನಾನು 1996ರಿಂದ ಡಿಟಿಪಿ ಕೆಲಸದಲ್ಲಿದ್ದೇನೆ. ಹಳೇ ಅಚ್ಚಿನಲ್ಲಿ ಮ-ವು, ಪ-ವ-ಷ ಇವನ್ನೆಲ್ಲ ಭೂತಗನ್ನಡಿ ಇಟ್ಟು ನೋಡಿದ್ದೇವೆ. ಒಂದು ಉಪಾಯ ಹೇಳುತ್ತೇನೆ. ಫೋಟೋ ಬೇಡ, 300 ಡಿಪಿಐಗೆ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿ. ಪುಟ ಬಾಗಿದ್ದರೆ ಮೊದಲು ನೇರ ಮಾಡಿ. ಅದಕ್ಕೆ ಸ್ಕ್ಯಾನ್‌ಟೈಲರ್ ಚೆನ್ನಾಗಿದೆ, ಉಚಿತ. ಆಮೇಲೆ ಟೆಸರಾಕ್ಟ್‌ಗೆ ಕೊಡಿ, 4ನೇ ಆವೃತ್ತಿಗಿಂತ ಹಳೆಯದು ಬೇಡ. ಇನ್ನೊಂದು, ಬಂದ ಪಠ್ಯದಲ್ಲಿ ಸೊನ್ನೆ ಅಂಕಿ ಮತ್ತು ಅನುಸ್ವಾರ ಅದಲು ಬದಲಾಗಿರುತ್ತವೆ. ಕಣ್ಣಿಗೆ ಎರಡೂ ಒಂದೇ. ಹುಡುಕಿದಾಗ ಸಿಗುವುದಿಲ್ಲ. ಪದದ ಮಧ್ಯೆ ಇರುವ ಸೊನ್ನೆ ಅಂಕಿಯನ್ನೆಲ್ಲ ಒಂದೇ ಸಲ ಬದಲಿಸಿ.

ಇನ್ನು ನನ್ನ ಮೆಚ್ಚಿನ ಸಾಧನ. ನಗಬೇಡಿ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ. ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಕೆಲಸ ಹಳೇ "ನುಡಿ" ತಂತ್ರಾಂಶದ ಫಾಂಟ್‌ನಲ್ಲಿದೆ. ಪೇಜ್‌ಮೇಕರ್ ಕಡತಗಳು. ಮದುವೆ ಕರೆಯೋಲೆ, ಜಾತ್ರೆ ಪೋಸ್ಟರ್, ನಾಲ್ಕು ಜನ ಕವಿಗಳ ಇಡೀ ಬದುಕು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಿಚಡಿ. ಯಾಕೆಂದರೆ ಅಲ್ಲಿ ಕನ್ನಡ ಅಕ್ಷರ ಇರಲೇ ಇಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ್ದು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ವಾರಕ್ಕೆ ಹತ್ತು ಕಡತ ಬದಲಿಸುತ್ತೇನೆ. ನಿವೃತ್ತಿಯೊಳಗೆ ಮುಗಿದರೆ ಸಾಕು.

ಮಲೆನಾಡ್_ಮಾನಿಟರ್ | 10:52
ದೊಡ್ಡ ಉಪಕಾರ ಆಯಿತು ಸಾರ್. ಸ್ಕ್ಯಾನರ್ ತರಲು ಶಿವಮೊಗ್ಗಕ್ಕೆ ಹೋಗಬೇಕು. ಹಾಳೆ ಬಿಡಿಸದೆ ಮಾಡುವ ದಾರಿ ಇದೆಯಾ?

ಹಳೇ_ಡಿಟಿಪಿ | 10:58
ಹಾಳೆ ಪುಡಿಯಾಗುವಂತಿದ್ದರೆ ಗಾಜಿನ ಮೇಲೆ ಒತ್ತಲೇಬೇಡಿ. ಮೇಲಿನಿಂದ ಫೋಟೋ ತೆಗೆಯುವುದೇ ಸರಿ, ನನ್ನ ಮಾತು ವಾಪಸ್. ಫೋನ್‌ಗೆ ಸ್ಟ್ಯಾಂಡ್ ಹಾಕಿ, ಎರಡೂ ಬದಿಯಿಂದ ಬೆಳಕು ಬರಲಿ, ಫ್ಲ್ಯಾಶ್ ಬೇಡ.

ಬಾಗಲಕೋಟೆ_ಬಿಟ್ಸ್ | 11:05
ಇಷ್ಟೆಲ್ಲ ಯಾಕ್ರಿ? ಪುಸ್ತಕ ನೋಡಿ ಜೋರಾಗಿ ಓದಿದರೆ ಫೋನ್ ತಾನೇ ಬರೆದುಕೊಳ್ಳುತ್ತದೆ. ಧ್ವನಿ ಟೈಪಿಂಗ್ ಈಗ ಬಹಳ ಸುಧಾರಿಸಿದೆ. ನಾನು ಕೀಬೋರ್ಡ್ ಮುಟ್ಟಿ ವರ್ಷವಾಯಿತು.

ಟರ್ಮಿನಲ್_ತಮ್ಮ | 11:07
ಅಣ್ಣ, ಬಾಗಲಕೋಟೆ ಕನ್ನಡ ಅದಕ್ಕೆ ಅರ್ಥ ಆಗುತ್ತಾ?

ಬಾಗಲಕೋಟೆ_ಬಿಟ್ಸ್ | 11:12
ನನ್ನದು ಆಗುತ್ತದೆ, ಫೋನ್ ಮುಂದೆ ಟಿವಿ ವಾರ್ತೆ ಓದುವವರ ಥರ ಮಾತಾಡುತ್ತೇನೆ. ಅಪ್ಪನದು ಆಗುವುದಿಲ್ಲ. ಮೊನ್ನೆ ಅವರು "ಸಂತೀಗಿ ಹೊಂಟೀನಿ" ಅಂದರು, ಅದು "ಶಾಂತಿಗೆ ಹೊಂದಿನಿ" ಅಂತ ಬರೆಯಿತು. ಚಿಕ್ಕಪ್ಪ ಗಾಬರಿಯಾಗಿ ಫೋನ್ ಮಾಡಿದರು.

ಸುಮ್ನೆ_ಓದುವವ | 11:13
😂😂 ಓಂ ಶಾಂತಿ ಅಂತ ಮೂರು ಜನ ಹಾಕಿಬಿಡುತ್ತಿದ್ದರು ಗ್ರೂಪಲ್ಲಿ

ಹಳೇ_ಡಿಟಿಪಿ | 11:20
ಅದಕ್ಕೇ ಕೈಯಿಂದ ಟೈಪ್ ಮಾಡುವುದನ್ನು ಕಲಿಯಿರಿ ಅನ್ನುವುದು. ನಾಡೋಜ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇದೆಯಲ್ಲ, ನುಡಿಯಲ್ಲಿ ಇರುವುದು, ಅದನ್ನು ಎರಡು ವಾರ ಅಭ್ಯಾಸ ಮಾಡಿ. ಆಮೇಲೆ ನೀವೇ ಬೇರೆಯವರಿಗೆ ಉಪದೇಶ ಮಾಡುತ್ತೀರಿ.

ಮೈಸೂರು_ಮೌಸ್ | 11:24
ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಆಗುತ್ತದೆ. ಅದು ಬಿಟ್ಟು ಹೊಸ ವಿನ್ಯಾಸ ಯಾಕೆ ಕಲಿಯಬೇಕು ಸರ್?

ಹಳೇ_ಡಿಟಿಪಿ | 11:36
ಎಣಿಸಿ ನೋಡಿ. "ಕನ್ನಡ" ಅನ್ನುವ ಪದ. ಇಂಗ್ಲಿಷ್ ಅಕ್ಷರದಲ್ಲಿ ಏಳು ಕೀಲಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು. ಐದು. ಎಫ್ ಒತ್ತಿದರೆ ಹಲಂತ, ಮುಂದಿನ ವ್ಯಂಜನ ತಾನೇ ಒತ್ತಾಗಿ ಕೆಳಗೆ ಹೋಗುತ್ತದೆ. ಕ ಅನ್ನುವುದರಲ್ಲಿ ಅಕಾರ ಹೇಗೂ ಇದೆ, ಅದನ್ನು ಮತ್ತೆ ಹೊಡೆಯುವುದು ಯಾಕೆ? ಕೀಲಿ ಉಳಿತಾಯ ದೊಡ್ಡ ವಿಷಯವಲ್ಲ ಬಿಡಿ. ಮುಖ್ಯ ಏನೆಂದರೆ, ತಲೆಯಲ್ಲಿ ಕನ್ನಡ ಪದವನ್ನು ಇಂಗ್ಲಿಷ್ ಕಾಗುಣಿತಕ್ಕೆ ಬದಲಿಸಿ, ಮತ್ತೆ ಯಂತ್ರ ಅದನ್ನು ಕನ್ನಡಕ್ಕೆ ಬದಲಿಸುವುದನ್ನು ಕಾಯುವ ಕೆಲಸ ತಪ್ಪುತ್ತದೆ. ಯಂತ್ರ ಊಹೆ ಮಾಡುವುದಿಲ್ಲ. ಒತ್ತಿದ್ದೇ ಬರುತ್ತದೆ.

ಟರ್ಮಿನಲ್_ತಮ್ಮ | 11:41
ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಲಿನಕ್ಸ್‌ನಲ್ಲಿ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದಲ್ಲಿ ಈ ವಿನ್ಯಾಸ ಆರಿಸಿಕೊಳ್ಳಬಹುದು.

ಮೈಸೂರು_ಮೌಸ್ | 11:44
ಡಬ್ಲ್ಯು ಒತ್ತಿದರೆ "ಡ" ಯಾಕೆ ಬರಬೇಕು? ಅದೇ ನನಗೆ ತಲೆಗೆ ಹೋಗುವುದಿಲ್ಲ.

ಹಳೇ_ಡಿಟಿಪಿ | 11:46
ಡಿ ಕೀಲಿ "ದ"ಕ್ಕೆ ಹೋಯಿತು. ಟ, ಡ ಎರಡಕ್ಕೂ ಅಕ್ಕಪಕ್ಕದ ಕ್ಯೂ, ಡಬ್ಲ್ಯು. ಮೂರು ದಿನ ಕಷ್ಟ, ನಾಲ್ಕನೇ ದಿನ ಬೆರಳಿಗೆ ಗೊತ್ತಿರುತ್ತದೆ. ಸೈಕಲ್ ಕಲಿಯುವಾಗ ಯಾಕೆ ಪೆಡಲ್ ಅಲ್ಲೇ ಇದೆ ಅಂತ ಕೇಳಿದ್ದಿರಾ?

ಇನ್ವರ್ಟರ್_ಮಾವ | 11:50
ನಾನು 2002ರಿಂದ "ಬರಹ" ತಂತ್ರಾಂಶ ಬಳಸುತ್ತಿದ್ದೇನೆ. ಏನೂ ತೊಂದರೆ ಇಲ್ಲ.

ಸುಮ್ನೆ_ಓದುವವ | 11:51
ಮಾವನಿಗೆ ಯಾವುದರಲ್ಲೂ ತೊಂದರೆ ಇಲ್ಲ.

ಕಪ್ಪುಹಲಗೆ_ಟೀಚರ್ | ಶನಿವಾರ ಬೆಳಗ್ಗೆ 6:40
ರಾತ್ರಿಯೆಲ್ಲ ಜಗಳ ಆಡಿದ್ದೀರಿ. ನನ್ನದು ಹೇಳುತ್ತೇನೆ, ಶಾಲೆಗೆ ಹೊರಡುವ ಮೊದಲು.

ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಬರುವುದು ಧ್ವಜಕಟ್ಟೆಯ ಮೇಲೆ ನಿಂತರೆ ಮಾತ್ರ. ಹಾಗಾಗಿ ನನ್ನ ಮೆಚ್ಚಿನದು ಕಿವಿಕ್ಸ್. ವಿಕಿಪೀಡಿಯವನ್ನು ಇಡಿಯಾಗಿ ಒಂದು ಕಡತ ಮಾಡಿ ಇಳಿಸಿಕೊಳ್ಳಬಹುದು. ತಾಲೂಕು ಕೇಂದ್ರಕ್ಕೆ ತರಬೇತಿಗೆ ಹೋದಾಗ ಅಲ್ಲಿನ ವೈಫೈಯಲ್ಲಿ ಇಳಿಸಿಕೊಂಡು ಬಂದೆ. ತರಗತಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾಕಿದ್ದೇನೆ. ಅದನ್ನೇ ಹಾಟ್‌ಸ್ಪಾಟ್ ಮಾಡಿದರೆ ಸುತ್ತಲಿನ ನಾಲ್ಕು ಟ್ಯಾಬ್‌ಗಳಲ್ಲೂ ತೆರೆಯುತ್ತದೆ. ಇಂಟರ್ನೆಟ್ ಇಲ್ಲ, ಜಾಹೀರಾತಿಲ್ಲ, ಮಕ್ಕಳು ಬೇರೆಲ್ಲೂ ಜಾರುವುದೂ ಇಲ್ಲ.

ಕಷ್ಟ ಏನೆಂದರೆ, ಕನ್ನಡ ವಿಕಿಪೀಡಿಯ 2003ರಿಂದ ಇದ್ದರೂ ಅನೇಕ ಲೇಖನಗಳು ಎರಡು ಸಾಲಿಗೆ ನಿಂತಿವೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮೂರಿನ ಕೆರೆಯನ್ನು ಹುಡುಕಿದಳು. ಸಿಗಲಿಲ್ಲ. "ಮಿಸ್, ನಮ್ಮ ಕೆರೆ ಇದರಲ್ಲಿ ಇಲ್ವಾ?" ಅಂದಳು. ಸರಿ, ನೀನೇ ಬರೆ ಅಂದೆ. ಈಗ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದಾಳೆ. ತೂಬು ಎಲ್ಲಿದೆ, ಕೋಡಿ ಯಾವ ವರ್ಷ ಬಿತ್ತು ಅಂತ ಅಜ್ಜಂದಿರನ್ನು ಕೇಳಿಕೊಂಡು ಬರುತ್ತಾಳೆ.

ಜೋಳದರೊಟ್ಟಿ_ಜರ್ಮನಿ | 7:02
ಟೀಚರ್, ಇದು ಎಲ್ಲಕ್ಕಿಂತ ಚೆನ್ನಾಗಿದೆ. ಆದರೆ ಅಜ್ಜಂದಿರ ಬಾಯಿಮಾತಿಗೆ ವಿಕಿಪೀಡಿಯದಲ್ಲಿ ಉಲ್ಲೇಖ ಕೇಳುತ್ತಾರೆ. ಜಿಲ್ಲಾ ಗೆಜೆಟಿಯರ್‌ನಲ್ಲಿ ಆ ಕೆರೆ ಇದೆಯಾ ನೋಡಿ.

ಕಪ್ಪುಹಲಗೆ_ಟೀಚರ್ | 7:05
ಗೆಜೆಟಿಯರ್ ಹೊಳೆದಿರಲಿಲ್ಲ. ನೋಡುತ್ತೇನೆ.

ಹಳೇ_ಡಿಟಿಪಿ | 7:30
ಆ ಮಗುವಿನ ಬರಹ ಮುಗಿದ ಮೇಲೆ ಟೈಪ್ ಮಾಡುವವರು ಬೇಕಾದರೆ ನನಗೆ ಕಳಿಸಿ ತಾಯಿ. ದುಡ್ಡು ಬೇಡ.

ಟರ್ಮಿನಲ್_ತಮ್ಮ | 7:48
ಅಲರ್ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಅದು ವಿ. ಕೃಷ್ಣ ಅವರೊಬ್ಬರೇ ಹತ್ತಾರು ವರ್ಷ ಕೂತು ಕಟ್ಟಿದ್ದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಲ್ಲಿ ಅಂತರ್ಜಾಲಕ್ಕೆ ಬಂತು, ಅದೂ ಮುಕ್ತ ಪರವಾನಗಿಯಲ್ಲಿ. ಇಡೀ ದತ್ತಾಂಶ ಇಳಿಸಿಕೊಂಡು ನಿಮ್ಮ ಆ್ಯಪ್‌ನಲ್ಲಿ ಬಳಸಬಹುದು. ನಾನು ಕಾಲೇಜು ಪ್ರಾಜೆಕ್ಟ್‌ಗೆ ಬಳಸಿದ್ದೆ.

ಸುಮ್ನೆ_ಓದುವವ | 7:55
20 ಸಾವಿರದೊಳಗೆ ಒಳ್ಳೆ ಫೋನ್ ಯಾವುದು?

ದಾವಣಗೆರೆ_ಡೇಟಾ | 7:56
ಬೇರೆ ಎಳೆ ಶುರು ಮಾಡಪ್ಪ, ಕೈ ಮುಗಿಯುತ್ತೇನೆ.

ಮೈಸೂರು_ಮೌಸ್ | 8:20
ಆ ಪುಟ್ಟ ಯುಪಿಎಸ್ ಎಲ್ಲಿ ತಗೊಂಡಿರಿ? ಬೆಂಗಳೂರಿನ ಎಸ್.ಪಿ. ರೋಡಲ್ಲಾ?

ದಾವಣಗೆರೆ_ಡೇಟಾ | 8:31
ಹೌದು. ಹೋಗುವ ಮೊದಲು ರೂಟರ್ ಅಡಾಪ್ಟರ್‌ನ ಹಿಂದೆ ಬರೆದಿರುವ ವೋಲ್ಟ್, ಆಂಪಿಯರ್ ಫೋಟೋ ತೆಗೆದುಕೊಂಡು ಹೋಗಿ. 12 ವೋಲ್ಟ್, 2 ಆಂಪಿಯರ್ ಕೇಳುವ ರೂಟರ್‌ಗೆ 1 ಆಂಪಿಯರ್‌ದು ಕೊಟ್ಟು ಕಳಿಸುತ್ತಾರೆ. ನನಗೆ ಮೊದಲ ಸಲ ಹಾಗೇ ಆಯಿತು. ಫೈಬರ್ ಡಬ್ಬಿಯೂ ರೂಟರೂ ಬೇರೆ ಬೇರೆ ಇದ್ದರೆ ಎರಡಕ್ಕೂ ಪಿನ್ ಇರುವುದು ತಗೊಳ್ಳಿ, ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ. ಭಾನುವಾರ ಹೋಗಬೇಡಿ, ಅರ್ಧ ಅಂಗಡಿ ಮುಚ್ಚಿರುತ್ತವೆ.

ಮೈಸೂರು_ಮೌಸ್ | 8:34
ನಾನು ಮೈಸೂರಲ್ಲಿರುವುದು ಗುರು. ಆದರೂ ಥ್ಯಾಂಕ್ಸ್.

ಟರ್ಮಿನಲ್_ತಮ್ಮ | 8:45
ಇನ್ವರ್ಟರ್ ಇರುವವರು ದುಡ್ಡು ಹಾಕುವ ಮೊದಲು ಒಂದು ನೋಡಿ. ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಒಂದು ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಇಕೋದಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ತುಸು ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ರೂಟರ್, ಕಂಪ್ಯೂಟರ್ ಆರಿ ಹೋಗುತ್ತವೆ. ಯುಪಿಎಸ್ ಮೋಡ್‌ಗೆ ಹಾಕಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಆದರೆ ವೋಲ್ಟೇಜ್ ಕಮ್ಮಿ ಇರುವ ಊರಲ್ಲಿ ಯುಪಿಎಸ್ ಮೋಡ್ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ಅದಕ್ಕೇ ಎಲೆಕ್ಟ್ರಿಷಿಯನ್‌ಗಳು ಇಕೋದಲ್ಲೇ ಬಿಟ್ಟು ಹೋಗುವುದು.

ದಾವಣಗೆರೆ_ಡೇಟಾ | 9:02
ಸ್ವಿಚ್ ಸಿಕ್ಕಿತು. ಹಿಂಭಾಗದಲ್ಲಿ, ಜೇಡರ ಬಲೆಯ ಒಳಗೆ. ಇಕೋದಲ್ಲಿತ್ತು. ಬದಲಿಸಿ, ರೂಟರನ್ನು ನೇರ ಗೋಡೆಗೆ ಹಾಕಿ, ಮೇನ್ ಆಫ್ ಮಾಡಿ ನೋಡಿದೆ. ರೂಟರ್ ಕಣ್ಣು ಮಿಟುಕಿಸಲಿಲ್ಲ.

ಇನ್ವರ್ಟರ್_ಮಾವ | 9:04
ನಿನ್ನೆ ರಾತ್ರಿ 9:21ಕ್ಕೆ ನಾನೇನು ಬರೆದಿದ್ದೆ, ಎಲ್ಲರೂ ಒಮ್ಮೆ ಮೇಲೆ ಹೋಗಿ ಓದಿ.

ದಾವಣಗೆರೆ_ಡೇಟಾ | 9:09
ಓದಿದೆ ಮಾವ. ಪುಟ್ಟ ಯುಪಿಎಸ್ ಮಾತ್ರ ವೃದ್ಧಾಶ್ರಮಕ್ಕೆ ಹೋಗುವುದಿಲ್ಲ. ಅತ್ತೆ ಆಗಲೇ ಅದನ್ನು ಊರಿನ ಮನೆಯ ರೂಟರ್‌ಗೆ ಅಂತ ಎತ್ತಿ ಬ್ಯಾಗಿಗೆ ಹಾಕಿಕೊಂಡರು.

ಸುಮ್ನೆ_ಓದುವವ | 9:10
ಸ್ಪೀಕರ್ ವಿಷಯ ಏನಾಯ್ತು?